ಕತ್ತರಿಗೆ ಸಿಗದ ಮಣಿ

ಬಳ್ಳಾರಿಯ ಮಿಲ್ಲರ್ ಪೇಟೆಯಲ್ಲಿ ಅಪ್ಪ ಜೀನ್ಸ್ ಹೊಲಿಯುತ್ತಿದ್ದ,
ಎಡಗೈಯಲ್ಲಿ.
ಅಂಗಡಿಯ ಯಾವ ಕತ್ತರಿಯೂ ಅವನ ಮಾತು ಕೇಳುತ್ತಿರಲಿಲ್ಲ,
ಬಟ್ಟೆ ಅಲಗುಗಳ ನಡುವೆ ಮಡಚಿ ಕೂರುತ್ತಿತ್ತು.
‘ಕತ್ತರಿದೇನ್ ತಪ್ಪಿಲ್ಲವಾ, ಅದಕ್ಕ ಬಲಗೈ ಅಷ್ಟ ಗೊತ್ತು’ ಅನ್ನುತ್ತಿದ್ದ.

ಆ ಮಾತು ಮುಂದೆ ನನಗೆ ಸಂಬಳ ತರುತ್ತದೆಂದು
ಅವನಿಗೆ ಹೇಗೆ ಗೊತ್ತಿರಬೇಕು?

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಈಗ ನಾನು
ಪೆಪ್ಟೈಡ್ ಪೋಣಿಸುತ್ತೇನೆ.
ಹನ್ನೊಂದು ಮಣಿ, ಒಂದಕ್ಕೊಂದು ಕೊಕ್ಕೆ,
ದಾರವಿಲ್ಲದ ಸರ.
ಮೈಯೊಳಗಿನ ಮಣಿಗಳೆಲ್ಲ ಎಡಚರು, ಅಪ್ಪನ ಹಾಗೆ.
ಆದರೆ ಅಲ್ಲಿ ಕತ್ತರಿಗಳೂ ಎಡಗೈಯವೇ:
ಒಳಗೆ ಬಿಟ್ಟ ಸರ ಚಹಾ ಆರುವುದರೊಳಗೆ ಚೂರುಚೂರು.
ಒಂದು ವರ್ಷ ಹೀಗೇ ಚೂರು ಗುಡಿಸಿದೆ.
ಆಮೇಲೆ ಮೂರನೆಯದನ್ನೂ ಎಂಟನೆಯದನ್ನೂ
ಕನ್ನಡಿಯಲ್ಲಿ ತಿರುಗಿಸಿ
ಬಲಗೈಯವನ್ನು ಕೂರಿಸಿದೆ.
ಕತ್ತರಿ ಬಂತು. ಮೂಸಿತು. ಹೋಯಿತು.

ಉರಿಯೂತ.
ಯಾರು ಕಟ್ಟಿದರೋ ಈ ಪದ, ರೋಗ ನೋಡಿಯೇ ಕಟ್ಟಿದ್ದಾರೆ:
ಉರಿ ಮೊದಲು, ಊತ ಆಮೇಲೆ,
ನಡುವೆ ಒಂದು ಸಂಧಿ. ಅಲ್ಲಿಯೇ ನನ್ನ ಕೆಲಸ.

ಮೌಲಾಹುಸೇನನದು ವಾಷಿಂಗ್ ಘಟಕ.
ಹೊಸ ಜೀನ್ಸಿಗೆ ಹಳತರ ಕಳೆ ಬರಲೆಂದು
ಬ್ಲೀಚು ಕಲಸುತ್ತಿದ್ದ.
ಅವತ್ತು ಯಾರೋ ಆಸಿಡ್ಡಿನ ಡಬ್ಬಿ ಅದಕ್ಕೇ ಸುರುವಿದರು,
ಹಸಿರು ಹೊಗೆ ಎದ್ದಿತು. ಮೂರು ಉಸಿರು ಎಳೆದನಂತೆ,
ಮೂರೇ.
ಸಂಜೆಯ ಹೊತ್ತಿಗೆ ಗಾಳಿಗೂಡುಗಳ ಹೊಲಿಗೆ ಬಿಚ್ಚಿ
ನೀರು ಒಸರುತ್ತಿತ್ತು.
ಕಾಯಲು ಬಂದ ಬಿಳಿ ಕಣಗಳು
ಕಾವಲು ಮರೆತು ಗೂಡಿಗೇ ಕೊಳ್ಳಿ ಇಟ್ಟಿದ್ದವು.

ನನ್ನ ಸರ ಮಾಡುವುದಿಷ್ಟು: ಮಂಜಾಗಿ ಒಳಗಿಳಿದು
ಬಿಚ್ಚಿದ ಅಂಚುಗಳನ್ನು ಹತ್ತಿರ ಎಳೆದು
ಆ ಕಣಗಳ ಕಿವಿಯಲ್ಲಿ ‘ಸಾಕು’ ಅನ್ನುವುದು.
ಇಪ್ಪತ್ನಾಲ್ಕು ಇಲಿಗಳಲ್ಲಿ ಹದಿನೇಳು ಕೇಳಿಸಿಕೊಂಡವು.
ಉಳಿದ ಏಳರ ನಂಬರೂ ನನಗೆ ಬಾಯಿಪಾಠ.

ವಾರ್ಡಿನ ಹೊರಗೆ ಹಜರತಬಿ ನನ್ನ ಬಿಳಿ ಕೋಟು ಹಿಡಿದಳು.
‘ಅಕ್ಕಾ, ಅದ ಔಷಧ ಅಲ್ಲೇನ್ ನೀವ್ ಮಾಡೋದು?
ಒಂದ್ ತೊಟ್ಟು ಕೊಡ್ರಿ. ಯಾರ ಮುಂದೂ ಹೇಳಂಗಿಲ್ಲ.’
ಇಲಿಗೆ ಮಾತ್ರ ಕೊಟ್ಟು ನೋಡಿದ್ದೇವೆ ಅಂದೆ.
‘ಇಲಿಗಿಂತ ಕಡಿಮಿ ಏನಕ್ಕಾ ಅವ್ರು?’

ವಾರ್ಡಿನಿಂದ ನಮ್ಮ ಫ್ರೀಜರಿಗೆ ಇನ್ನೂರು ಹೆಜ್ಜೆ, ಬೇವಿನ ಮರ ಬಳಸಿದರೆ
ಇನ್ನೂರ ಹತ್ತು.
ಕಾಗದದ ಲೆಕ್ಕದಲ್ಲಿ ಎಂಟು ವರ್ಷ, ಹತ್ತೂ ಆಗಬಹುದು.
ಆ ರಾತ್ರಿ ಇನ್ನೂರು ನಡೆದೆ. ಬಾಗಿಲು ತೆರೆದೆ.
ನನ್ನದೇ ಅಕ್ಷರದ ಚೀಟಿ ಹೊತ್ತ ಸೀಸೆಗಳು,
ಮೈನಸ್ ಇಪ್ಪತ್ತರ ಹೊಗೆ ಮುಖಕ್ಕೆ.
ಮುಚ್ಚಿದೆ.
ಸರಿ ಮಾಡಿದೆ. ಸರಿ ಮಾಡಿದ ಕೈ
ಬೆಳಗಿನ ತನಕ ಬೆಚ್ಚಗಾಗಲಿಲ್ಲ.

ಅವನನ್ನು ಬದುಕಿಸಿದ್ದು ಆಮ್ಲಜನಕ,
ಸ್ಟೀರಾಯ್ಡು, ಮತ್ತು ಅವನನ್ನು ದಿನವೂ ಬೋರಲು ಹಾಕಿ
ಮತ್ತೆ ಅಂಗಾತ ಮಾಡಿದ ನಾಲ್ವರು ನರ್ಸುಗಳ ರಟ್ಟೆ.
ಅದರಲ್ಲಿ ನನ್ನ ಪಾಲು ಸೊನ್ನೆ.

ಎರಡು ತಿಂಗಳಾದ ಮೇಲೆ ಲ್ಯಾಬಿನ ಬಾಗಿಲಿಗೆ ಬಂದ,
ಇಲಿ ನೋಡಬೇಕಂತೆ.
ಗಾಜಿನ ಹತ್ತಿರ ಬಗ್ಗಿ ಬಹಳ ಹೊತ್ತು ನಿಂತ.
‘ಇವುಕ್ಕೂ ಬೋರಲ ಮಲಗಸ್ತೀರೇನ್ರಿ?’
ಇಲ್ಲ ಅಂದೆ.
‘ಪಾಪ’ ಅಂದು ಕಿಸೆಯಿಂದ ಮಂಡಕ್ಕಿ ತೆಗೆದ.
ಹೊರಗಿನದು ಹಾಕುವಂತಿಲ್ಲ ಅಂದೆ, ಅದಕ್ಕೂ ನಿಯಮವಿದೆ.

ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ತಾನೇ ತಿಂದ,
ಒಂದೊಂದೇ ಕಾಳು,
ನಡುವೆ ಉಸಿರಿಗೆ ಜಾಗ ಬಿಟ್ಟು.
ಒಳಗಿನಿಂದ ನಾನು ಎಣಿಸುತ್ತಿದ್ದೆ.
ಹನ್ನೊಂದಕ್ಕೆ ಅವನು ನಿಲ್ಲಲಿಲ್ಲ.